ಬಜಾರ್ ಬೀದಿಯಲ್ಲಿ ಹೊರೆ ಹೊತ್ತವರು



ಕಳೆದ ತಪಸ್ಸುಕಾಲದ ಶಿಲುಬೆಹಾದಿಗೆ ನಮ್ಮ ಧರ್ಮಕೇಂದ್ರದ ಯುವಜನರು ಹದಿನಾಲ್ಕು ಫಲಕಗಳನ್ನು ಮಾಡಿ ದೇವಾಲಯದ ಸುತ್ತ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಐದನೆಯ ಫಲಕದಲ್ಲಿ ಚಿತ್ರದ ಕೆಳಗೆ ಬರಹವಿದ್ದ ಜಾಗಕ್ಕೆ ಬಿಳಿ ಕಾಗದ ಅಂಟಿಸಿತ್ತು. ಅದನ್ನು ನೋಡಿ ಕೆಲವರು "ಅಕ್ಷರ ತಪ್ಪಾಗಿತ್ತಾ?" ಎಂದು ಕೇಳಿದಿರಿ. ಇನ್ನು ಕೆಲವರು ಫ್ಲೆಕ್ಸ್ ಅಂಗಡಿಯವರನ್ನೇ ಬೈದಿರಿ. ಪಾಪ, ಅವರದೇನೂ ತಪ್ಪಿಲ್ಲ. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಕಾಗದ ಅಂಟಿಸಿದವರು ನಾವೇ. ಯಾಕೆಂದು ಪತ್ರಿಕೆಯಲ್ಲಿ ಬರೆಯಿರಿ ಎಂದು ಗುರುಗಳು ಹೇಳಿ ಎರಡು ತಿಂಗಳಾಯಿತು. ಬರೆಯಲು ಕುಳಿತಾಗಲೆಲ್ಲ ನಮ್ಮೊಳಗೇ ವಾದ ಶುರುವಾಗಿ ಕೆಲಸ ನಿಂತುಹೋಗುತ್ತಿತ್ತು. ಆ ವಾದ ಇನ್ನೂ ಮುಗಿದಿಲ್ಲ, ಆದರೂ ಬರೆದುಬಿಡುತ್ತಿದ್ದೇವೆ.

ಚಿತ್ರ ಊಟಿಯ ಬಜಾರ್ ಬೀದಿಯದು. ನಮ್ಮ ಊರಿನ ಒಂದು ಮನೆಯ ಟ್ರಂಕಿನಲ್ಲಿ ಸಿಕ್ಕಿತು. ಆ ಮನೆಯ ಹಿರಿಯರೊಬ್ಬರು ಬಹಳ ಹಿಂದೆ ಕೂನೂರಿನ ಕಡೆ ಟೀ ತೋಟದಲ್ಲಿ ಮೇಸ್ತ್ರಿಯಾಗಿದ್ದವರು. ಪೋಸ್ಟ್‌ಕಾರ್ಡಿನಷ್ಟು ದೊಡ್ಡದು, ಅಂಚು ಹಳದಿಗಟ್ಟಿದೆ, ಒಂದು ಮೂಲೆಯನ್ನು ಜಿರಲೆ ತಿಂದಿದೆ. ಬೀದಿ ಏರುತ್ತಾ ಹೋಗಿ ಎಡಕ್ಕೆ ತಿರುಗುತ್ತದೆ. ಎರಡೂ ಬದಿ ಹೆಂಚಿನ ಮಾಡಿನ ಅಂಗಡಿಗಳು, ಮುಂದೆ ಮರದ ಕಂಬಗಳು. ಒಂದು ಗಾಡಿಯ ಎತ್ತುಗಳನ್ನು ಬಿಚ್ಚಿ ನೊಗವನ್ನು ನೆಲಕ್ಕೆ ಊರಿದ್ದಾರೆ. ಹಿಂದೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ನೀಲಗಿರಿ ಮರಗಳ ಸಾಲು. ನಡುಬೀದಿಯಲ್ಲಿ ಒಬ್ಬರು ತಲೆಯ ಮೇಲೆ ದೊಡ್ಡ ಹೊರೆ ಇಟ್ಟುಕೊಂಡು ಕ್ಯಾಮೆರಾದ ಕಡೆಗೆ ತಿರುಗಿ ನಿಂತಿದ್ದಾರೆ. ಮೈಗೆ ಸುತ್ತಿದ ಕಂಬಳಿ, ಬರಿಗಾಲು, ಹೊರೆಯನ್ನು ಹಿಡಿದ ಒಂದು ಕೈ. ಅವರ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಹೊಗೆಯಂಥ ಒಂದು ಮಸುಕು.

ಈ ಚಿತ್ರ ನೋಡಿದ ಕೂಡಲೇ ನಮಗೆಲ್ಲ ಒಂದೇ ಯೋಚನೆ ಬಂತು: ಐದನೆಯ ಸ್ಥಳ, ಸಿರೇನಿನ ಸಿಮೋನ ಶಿಲುಬೆ ಹೊರುವುದು. ಫಲಕಗಳನ್ನು ಆಮೇಲೆ ಧರ್ಮಪ್ರಾಂತ್ಯದ ಯುವಜನ ಕೂಟಕ್ಕೂ ಒಯ್ಯುವುದಿತ್ತು. ಹಾಗಾಗಿ ಕನ್ನಡ, ತಮಿಳು, ಮಲಯಾಳಂ ಮೂರರಲ್ಲೂ ಬರೆದೆವು. ಹೊರೆ ಹೊತ್ತ ಈ ಅನಾಮಿಕ ಕೂಲಿಯವನೇ ಇಂದಿನ ಸಿಮೋನ, ಏರುವ ಈ ಬೀದಿಯೇ ಕಲ್ವಾರಿಯ ಹಾದಿ, ಅವನ ತಲೆಯ ಮೇಲಿರುವುದು ನಮ್ಮೆಲ್ಲರ ಶಿಲುಬೆಯ ಸಂಕೇತ, ಹೀಗೆ. ಹೊರೆ, ಬರಿಗಾಲು, ಏರು, ಹಿಂದಿನ ಗುಡ್ಡ, ಒಂದೊಂದಕ್ಕೂ ಒಂದೊಂದು ಅರ್ಥ ಕೊಟ್ಟಿದ್ದೆವು. ಆ ಮಸುಕಿಗೂ ಬಿಡಲಿಲ್ಲ. ಅದು ಕಾಣದೆ ಜೊತೆಗೆ ನಡೆಯುವ ಪವಿತ್ರಾತ್ಮರು ಎಂದು ನಮ್ಮಲ್ಲೊಬ್ಬ ಸೇರಿಸಿದ. ಬಹಳ ಚೆನ್ನಾಗಿದೆ ಅನ್ನಿಸಿತು.

ಗರಿಗಳ ಭಾನುವಾರದ ಹಿಂದಿನ ದಿನ ಗರಿ ಸೀಳಿ ಶಿಲುಬೆ ಹೆಣೆಯಲು ಬಂದಿದ್ದ ಅಜ್ಜಿಯೊಬ್ಬರು ಫಲಕಗಳ ಮುಂದೆ ನಿಂತರು. ಅವರಿಗೆ ಓದಲು ಬರುವುದಿಲ್ಲ. ನಮ್ಮಿಂದಲೇ ಓದಿಸಿಕೊಂಡರು. ನಾಲ್ಕನೆಯದರ ತನಕ "ಹೂಂ" ಅಂದರು. ಐದನೆಯದನ್ನು ಓದಿದ ಮೇಲೆ ಸುಮ್ಮನಿದ್ದು ಕೇಳಿದರು:

"ಇವ್ರ್ಯಾರು ಮಗ?"

"ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ದೋರ್ ಮ್ಯಾಲೆ ಇಷ್ಟುದ್ದ ಬರ್ದಿದ್ದೀರಲ್ಲ."

ನಾವು ನಕ್ಕೆವು. ಅವರು ನಗಲಿಲ್ಲ. ತಮ್ಮ ಅಪ್ಪನೂ ಘಟ್ಟ ಹತ್ತಿ ಹೋಗಿ ಮೂಟೆ ಹೊತ್ತವರು, ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಿದ್ದರು, ನೆತ್ತಿಯ ಮೇಲೆ ಕೂದಲು ಸವೆದುಹೋಗಿತ್ತು ಎಂದು ಹೇಳಿದರು. "ಅವ್ರ್ ಹೊತ್ತಿದ್ದು ಅಕ್ಕಿ. ಶಿಲುಬೆ ಅಂತ ಯಾರೂ ಅನ್ನಲಿಲ್ಲ." ಆಮೇಲೆ ಹೋಗುವಾಗ ತಿರುಗಿ, "ಕೂಲಿಯವನು ಅಂತ ಬರ್ದಿದ್ದೀರಾ? ನಿಮ್ಮ ತಾತನ್ನೂ ಹಂಗೇ ಅಂತೀರಾ?" ಎಂದರು.

ಅವತ್ತು ರಾತ್ರಿ ಉಪದೇಶದ ಕೋಣೆಯಲ್ಲಿ ಕುಳಿತು ಹನ್ನೊಂದರ ತನಕ ಮಾತಾಡಿದೆವು. ಪ್ರಶ್ನೆ ಇಷ್ಟೇ: ನಮಗೆ ಹೆಸರು ಗೊತ್ತಿಲ್ಲದ, ಒಪ್ಪಿಗೆ ಕೇಳಲು ಆಗದ ಒಬ್ಬ ಮನುಷ್ಯರನ್ನು, ಎಷ್ಟೇ ಒಳ್ಳೆಯ ಉದ್ದೇಶಕ್ಕಾದರೂ, ಬೇರೇನಕ್ಕೋ ಸಂಕೇತವಾಗಿ ಬಳಸುವುದು ಸರಿಯೇ?

ಮೊದಲು ಸುಲಭದ್ದನ್ನು ಮುಗಿಸೋಣ. ಆ ಮಸುಕು ಪವಿತ್ರಾತ್ಮರಲ್ಲ. ಬಿಎಸ್ಸಿ ಓದಿದವರಾಗಿ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಹಳೆಯ ಕ್ಯಾಮೆರಾದಲ್ಲಿ ಗಾಜಿನ ಫಲಕದ ಮೇಲೆ ಬೆಳಕು ಬಿದ್ದು ಚಿತ್ರ ಮೂಡಲು ಹೊತ್ತು ಹಿಡಿಯುತ್ತಿತ್ತು. 1850ರ ದಶಕದಿಂದ ಬಳಕೆಗೆ ಬಂದ ಹಸಿ ಫಲಕಕ್ಕೆ ಬೆಳಕು ಕಡಿಮೆಯಿದ್ದರೆ ಹಲವು ಸೆಕೆಂಡುಗಳು ಬೇಕು. 1871ರಲ್ಲಿ ಜೆಲಾಟಿನ್ ಲೇಪದ ಒಣ ಫಲಕದ ವಿಧಾನ ಬಂದ ಮೇಲೆ ಹೊತ್ತು ಕ್ರಮೇಣ ಕಡಿಮೆಯಾಯಿತು. ಆದರೂ ಊಟಿಯಂಥ ಮಂಜಿನ ಊರಿನಲ್ಲಿ ಅಲುಗಾಡದೆ ನಿಂತವರು ಮಾತ್ರ ಸ್ಪಷ್ಟವಾಗಿ ಬೀಳುತ್ತಾರೆ. ನಡೆದವರು ಹೊಗೆಯಾಗುತ್ತಾರೆ, ಬೇಗ ನಡೆದವರು ಬೀಳುವುದೇ ಇಲ್ಲ. ಅಂದರೆ ಆ ಮಸುಕು ಒಂದು ಮಗುವಿರಬಹುದು, ಬಗ್ಗಿ ಏನನ್ನೋ ಎತ್ತಿಕೊಳ್ಳುತ್ತಿದ್ದ ಹೆಂಗಸಿರಬಹುದು. ಯಾರೋ ಇದ್ದರು, ಅಲುಗಾಡಿದರು. ಖಾಲಿಯಾಗಿ ಕಾಣುವ ಬೀದಿಯ ಉಳಿದ ಭಾಗದಲ್ಲೂ ಜನ ಓಡಾಡುತ್ತಿದ್ದಿರಬಹುದು.

ಫೋಟೋಗ್ರಫಿಯ ಚರಿತ್ರೆಯಲ್ಲೇ ಇದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯಿದೆ. 1838ರಲ್ಲಿ ಲೂಯಿ ಡಗೇರ್ ಪ್ಯಾರಿಸಿನ ಒಂದು ಬೀದಿಯನ್ನು ಮಹಡಿಯ ಕಿಟಕಿಯಿಂದ ತೆಗೆದರು. ಗಾಡಿ, ಕುದುರೆ, ಜನರಿಂದ ಗಿಜಿಗುಡುವ ಬೀದಿ ಅದು. ಆದರೆ ಚಿತ್ರ ಮೂಡಲು ಹಲವು ನಿಮಿಷ ಹಿಡಿದದ್ದರಿಂದ ಬೀದಿಯೆಲ್ಲ ಖಾಲಿ. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ಕಾಲು ಮೇಲೆತ್ತಿ ಇಟ್ಟುಕೊಂಡು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದಾನೆ. ಫೋಟೋದಲ್ಲಿ ಸಿಕ್ಕಿದ ಮೊದಲ ಮನುಷ್ಯ ಎಂದು ಅವನನ್ನು ಕರೆಯುತ್ತಾರೆ. ಪಾಲಿಶ್ ಹಾಕುತ್ತಿದ್ದವನೂ ಅಲ್ಲೇ ಇದ್ದಾನೆ. ಆದರೆ ಅವನು ಕೆಲಸ ಮಾಡುತ್ತಿದ್ದ, ಅಲುಗಾಡುತ್ತಿದ್ದ, ಆದ್ದರಿಂದ ಮಸುಕು. ಇದನ್ನು ಹೇಳಿದಾಗ ನಮ್ಮಲ್ಲೊಬ್ಬಳು "ಇದೂ ಒಂದು ಸಂಕೇತವೇ ಆಯ್ತಲ್ಲ" ಎಂದಳು. ಹೌದು, ಈ ಚಟ ಬಿಡುವುದು ಕಷ್ಟ.

ಇನ್ನೊಂದು ಸಂಗತಿ ನಮಗೆ ನಾಚಿಕೆ ತಂದದ್ದು. ಬರಹದಲ್ಲಿ ನಾವು "ದುಡಿದು ಕಪ್ಪಾದ ಮುಖ" ಎಂದು ಬರೆದಿದ್ದೆವು. ಆ ಕಾಲದ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ಹತ್ತುತ್ತಿತ್ತು, ಕೆಂಪು ಹತ್ತುತ್ತಿರಲಿಲ್ಲ. ನೀಲಿ ಆಕಾಶ ಬರಿಯ ಬಿಳಿಯಾಗುತ್ತಿತ್ತು, ಕೆಂಪು ಹೆಂಚು ಕಪ್ಪಾಗುತ್ತಿತ್ತು. ನಮ್ಮಂಥ ಕಂದು ಮೈಬಣ್ಣ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಕಪ್ಪಾಗಿ ಬೀಳುತ್ತಿತ್ತು. ಎಲ್ಲ ಬಣ್ಣವನ್ನೂ ಹಿಡಿಯುವ ಫಲಕ ಮಾರಾಟಕ್ಕೆ ಬಂದದ್ದೇ 1906ರಲ್ಲಿ. ಅಂದರೆ ನಾವು ಗಾಜಿನ ಮೇಲಿನ ರಾಸಾಯನಿಕದ ಗುಣವನ್ನು ಒಬ್ಬ ಮನುಷ್ಯರ ಸಂಕಟ ಎಂದು ಓದಿದ್ದೆವು. ಅವರಿಗೆ ಸಂಕಟ ಇರಲಿಲ್ಲ ಎಂದಲ್ಲ. ಆದರೆ ಅದು ನಮಗೆ ಆ ಚಿತ್ರದಿಂದ ತಿಳಿದದ್ದಲ್ಲ.

ಈಗ ಕಷ್ಟದ್ದು. ಊಟಿಯ ಚರಿತ್ರೆ ಓದಿದರೆ ಕೆಲವು ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ್ದು, 1822ರಲ್ಲಿ ಕಲ್ಲು ಬಂಗಲೆಗೆ ಕೈ ಹಾಕಿದ್ದು, ಕೆರೆ ಕಟ್ಟಿಸಿದ್ದು. ಸಂತ ಸ್ಟೀಫನ್ನರ ಹೆಸರಿನ ಆಂಗ್ಲಿಕನ್ ದೇವಾಲಯ 1831ರಲ್ಲಿ ತೆರೆಯಿತು. ಅದರ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು. ನಮ್ಮ ಕನ್ನಡ ಸೀಮೆಯ ಮರ ಅಷ್ಟು ದೂರದ ಘಟ್ಟ ಹತ್ತಿ ಎರಡು ಸಾವಿರ ಮೀಟರಿಗಿಂತ ಮೇಲೆ ಹೋಗಿ ಇಂದಿಗೂ ಒಂದು ಸೂರನ್ನು ಹೊತ್ತು ನಿಂತಿದೆ. ರೈಲು ಮೆಟ್ಟುಪಾಳ್ಯದಿಂದ ಕೂನೂರಿಗೆ ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಅದಕ್ಕೂ ಮೊದಲು ಆ ಊರಿಗೆ ಹೋದ ಅಕ್ಕಿ, ಗಾಜು, ಕಬ್ಬಿಣ, ಪಿಯಾನೋ ಎಲ್ಲವೂ ಎತ್ತಿನ ಮೇಲೋ, ಗಾಡಿಯಲ್ಲೋ, ಮನುಷ್ಯರ ತಲೆಯ ಮೇಲೋ ಹೋಗಬೇಕಿತ್ತು. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ಹೊತ್ತವರದು ಎಲ್ಲೂ ಕೆತ್ತಿಲ್ಲ.

ಫೋಟೋಗಳಲ್ಲೂ ಹಾಗೆಯೇ. ಆಲ್ಬರ್ಟ್ ಪೆನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕರು 1875ರಿಂದ ಊಟಿಯಲ್ಲೇ ನೆಲೆಸಿ ಬಹಳ ವರ್ಷ ಚಿತ್ರ ತೆಗೆದರು. ಅವರಂಥವರ ಶ್ರಮದಿಂದಲೇ ಆ ಕಾಲದ ಬೆಟ್ಟ ನಮಗೆ ಇಂದು ಕಾಣುತ್ತಿದೆ, ಅದಕ್ಕೆ ಕೃತಜ್ಞರಾಗಿರಬೇಕು. ಆದರೆ ಆ ಕಾಲದ ರೂಢಿ ಏನೆಂದರೆ ದೊರೆಗಳ ಚಿತ್ರದ ಕೆಳಗೆ ಹೆಸರು, ಉಳಿದವರ ಚಿತ್ರದ ಕೆಳಗೆ ಜಾತಿ ಅಥವಾ ಕಸುಬು. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಭಾರತದ ಜನರ ಬಗ್ಗೆ ಫೋಟೋಗಳಿರುವ ಎಂಟು ಸಂಪುಟಗಳನ್ನು ಹೊರತಂದಿತು. ಅದರಲ್ಲಿ ಒಂದೊಂದು ಮುಖವೂ ಒಂದೊಂದು ಜನಾಂಗದ ಮಾದರಿ. ನಮ್ಮಲ್ಲಿ ಬಾಟನಿ ಓದಿದವರಿಗೆ ಇದು ಪರಿಚಿತ: ಹರ್ಬೇರಿಯಂ ಹಾಳೆಗೆ ಒಂದು ಗಿಡವನ್ನು ಒಣಗಿಸಿ ಅಂಟಿಸಿ, ಇದು ಈ ಜಾತಿಯ ಗಿಡಗಳಿಗೆಲ್ಲ ಮಾದರಿ ಎಂದು ಚೀಟಿ ಹಚ್ಚುತ್ತೇವೆ. ಗಿಡಕ್ಕೆ ಅದು ಸರಿ. ಮನುಷ್ಯರನ್ನು ಹಾಗೆ ಅಂಟಿಸಿದ್ದನ್ನು ನೋಡಿ ನಮಗೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ನಮ್ಮದೇ ಫಲಕ ಓದಿಕೊಂಡೆವು. ಅವರು "ಕೂಲಿ" ಎಂದು ಚೀಟಿ ಹಚ್ಚುತ್ತಿದ್ದರು. ನಾವು ಅದೇ ಚೀಟಿಯ ಮೇಲೆ "ಶಿಲುಬೆ" ಎಂಬ ಇನ್ನೊಂದನ್ನು ಹಚ್ಚಿದ್ದೆವು.

ನಮಗೂ ಹೀಗಾಗಿದೆ, ಅದನ್ನೂ ಹೇಳಬೇಕು. ಹಲವು ಭಾಷೆಗಳ ಧರ್ಮಪ್ರಾಂತ್ಯದಲ್ಲಿ ಕನ್ನಡದವರು ಕೆಲವೇ ಮಂದಿ. ನಮ್ಮ ಧರ್ಮಾಧ್ಯಕ್ಷರ ಊರಾದ ಊಟಿಗೆ ಹೋಗಲು ತಾಳವಾಡಿ ಕಡೆಯವರು ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ದಾಟಿ, ಅಂದರೆ ರಾಜ್ಯದ ಗಡಿಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತೇವೆ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಇಳಿದು ಮೆಟ್ಟುಪಾಳ್ಯದ ಕಡೆಯಿಂದಲೂ ಹತ್ತಬಹುದು. ಯಾವ ದಾರಿಯಲ್ಲಿ ಹೋದರೂ ವಾಂತಿ ಮಾತ್ರ ತಪ್ಪಿದ್ದಲ್ಲ. ಹೀಗೆ ಹೋದ ಒಂದು ಸಭೆಯಲ್ಲಿ (ಎಲ್ಲಿ ಎಂಬುದು ಬೇಡ) ನಮ್ಮನ್ನು ವೇದಿಕೆಗೆ ಕರೆದು ಒಂದು ಕನ್ನಡ ಹಾಡು ಹಾಡಿಸಿದರು. ನಾವು ವೈವಿಧ್ಯದಲ್ಲಿ ಏಕತೆಯ ಸಂಕೇತ ಎಂದು ಚಪ್ಪಾಳೆ ತಟ್ಟಿಸಿದರು. ಸಂತೋಷವೇ. ಆದರೆ ಮಧ್ಯಾಹ್ನ ಗುಂಪು ಚರ್ಚೆಗೆ ಕುಳಿತಾಗ ನಮಗೆ ತಿಳಿಯುವ ಭಾಷೆಯಲ್ಲಿ ಒಂದು ಮಾತೂ ಇರಲಿಲ್ಲ, ಸಂಜೆ ಹೊರಡುವ ತನಕ ಯಾರೂ ನಮ್ಮ ಹೆಸರು ಕೇಳಲಿಲ್ಲ. ದ್ವೇಷದಿಂದ ಮಾಡಿದ್ದಲ್ಲ. ಬಹಳ ಪ್ರೀತಿಯಿಂದಲೇ ನಮ್ಮನ್ನು ಸಂಕೇತ ಮಾಡಿದ್ದರು. ಬಸ್ಸಿನಲ್ಲಿ ಬರುವಾಗ ನಮಗಾದ ಬೇಸರಕ್ಕೆ ಅವತ್ತು ಹೆಸರು ಸಿಕ್ಕಿರಲಿಲ್ಲ. ಅಜ್ಜಿ ಕೇಳಿದ ಮೇಲೆ ಸಿಕ್ಕಿತು.

ಆದರೆ ನಮ್ಮಲ್ಲೊಬ್ಬ ಬಲವಾಗಿ ವಿರೋಧಿಸಿದ, ಇವತ್ತಿಗೂ ವಿರೋಧಿಸುತ್ತಾನೆ. ಅವನ ಮಾತನ್ನು ಅನ್ಯಾಯವಿಲ್ಲದೆ ಇಲ್ಲಿ ಇಡುತ್ತೇವೆ. ಸಂಕೇತ ಬೇಡ ಎಂದರೆ ಧರ್ಮಸಭೆಯಲ್ಲಿ ಉಳಿಯುವುದೇನು? ನೀರು, ಎಣ್ಣೆ, ಮೇಣದಬತ್ತಿ, ಬೂದಿ ಎಲ್ಲವೂ ಸಂಕೇತವೇ. ಶಿಲುಬೆಹಾದಿಯೇ ಒಂದು ಸಂಕೇತ. ನಾವು ನಡೆಯುವುದು ಜೆರುಸಲೇಮಿನಲ್ಲಲ್ಲ, ಇಲ್ಲಿನ ಹುಣಸೆಮರದ ಕೆಳಗೆ. ಸಂಕೇತ ಮಾಡದಿದ್ದರೆ ಆ ಚಿತ್ರ ಇನ್ನೂ ಟ್ರಂಕಿನಲ್ಲೇ ಇರುತ್ತಿತ್ತು, ಜಿರಲೆ ಉಳಿದ ಮೂಲೆಗಳನ್ನೂ ತಿನ್ನುತ್ತಿತ್ತು. ನಾವು ಸಂಕೇತ ಮಾಡಿದ್ದಕ್ಕೇ ಅಜ್ಜಿ ನೋಡಿದ್ದು, ಅಪ್ಪನನ್ನು ನೆನೆದದ್ದು. ಅಷ್ಟಕ್ಕೂ ಯೇಸುಸ್ವಾಮಿಯೇ ಹಸಿದವರಲ್ಲಿ, ಬಾಯಾರಿದವರಲ್ಲಿ ತಾವಿದ್ದೇವೆ ಎಂದಿದ್ದಾರಲ್ಲ? ಅದೂ ಬಡವರನ್ನು ಸಂಕೇತ ಮಾಡಿದ ಹಾಗಲ್ಲವೇ?

ಕೊನೆಯ ಪ್ರಶ್ನೆಗೆ ನಾವು ತಕ್ಷಣ ಉತ್ತರ ಕೊಡಲಾಗಲಿಲ್ಲ. ಗೋಡೆಯ ಪಕ್ಕದ ಕಪಾಟಿನಿಂದ ಬೈಬಲ್ ತೆಗೆದು ಮತ್ತಾಯನ 25ನೆಯ ಅಧ್ಯಾಯವನ್ನು ಓದಿದೆವು. ಎಷ್ಟೋ ಸಲ ಕೇಳಿದ ಭಾಗ, ಆದರೂ ಒಂದು ವಿಷಯವನ್ನು ಗಮನಿಸಿರಲಿಲ್ಲ. ಬಲಗಡೆ ನಿಂತ ನೀತಿವಂತರು ಪ್ರಭುವನ್ನು ಕೇಳುವುದು, ನಿಮ್ಮನ್ನು ನಾವು ಯಾವಾಗ ನೋಡಿದೆವು ಎಂದು. ಅವರಿಗೆ ಗೊತ್ತೇ ಇರಲಿಲ್ಲ! ಊಟ ಕೊಡುವಾಗ ಅವರು ಹಸಿದವನನ್ನು ಹಸಿದವನಾಗಿಯೇ ನೋಡಿದ್ದರು, ಇವನು ಯಾರ ಸಂಕೇತ ಎಂದು ಯೋಚಿಸಿರಲಿಲ್ಲ. ಆಮೇಲೆ ಅದರ ಅರ್ಥ ಹೇಳಿದವರು ಪ್ರಭು. ಅರ್ಥ ಹೇಳುವುದು ಅವರ ಕೆಲಸ, ಅನ್ನ ಬಡಿಸುವುದು ನಮ್ಮದು ಎಂದು ಒಬ್ಬಳು ಹೇಳಿದಳು. ವಿರೋಧಿಸಿದವನು, "ಫೋಟೋದಲ್ಲಿರುವವರಿಗೆ ಹೇಗೆ ಬಡಿಸುತ್ತೀ?" ಎಂದ. ಅದೂ ಸರಿಯೇ.

ಆಗ ಸಿಮೋನನನ್ನೇ ಹುಡುಕಿದೆವು. ಮಾರ್ಕನ 15ನೆಯ ಅಧ್ಯಾಯದ 21ನೆಯ ವಚನದಲ್ಲಿ ಅವನ ಹೆಸರಿದೆ, ಊರಿದೆ, ಹಳ್ಳಿಯ ಕಡೆಯಿಂದ ಬರುತ್ತಿದ್ದ ಎಂದಿದೆ. ಇಷ್ಟು ಮತ್ತಾಯ, ಲೂಕರು ಹೇಳುವುದಕ್ಕೆ ಹೆಚ್ಚುಕಡಿಮೆ ಸಮ. ಆದರೆ ಮಾರ್ಕನಲ್ಲಿ ಮಾತ್ರ ಅವನ ಇಬ್ಬರು ಮಕ್ಕಳ ಹೆಸರೂ ಇದೆ: ಅಲೆಕ್ಸಾಂಡರ್ ಮತ್ತು ರೂಫ. ಮೊದಲ ಓದುಗರಿಗೆ ಆ ಮಕ್ಕಳ ಪರಿಚಯ ಇತ್ತು, ಅದಕ್ಕೇ ಬರೆದಿದ್ದಾನೆ ಎಂದು ಪಂಡಿತರು ಹೇಳುತ್ತಾರೆ. ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಒಬ್ಬ ರೂಫನಿಗೆ ವಂದನೆ ಹೇಳಿ, ಅವನ ತಾಯಿ ತನಗೂ ತಾಯಿಯಂತೆ ಎನ್ನುತ್ತಾನೆ. ಅದು ಇದೇ ರೂಫ ಇರಬಹುದೆಂಬ ಊಹೆ ಹಳೆಯದು. ಅಂದರೆ ನಾವು ಯಾರ ಹೆಸರನ್ನು ತಂದು ಆ ಬಜಾರ್ ಬೀದಿಯವರ ಮೇಲೆ ಅಂಟಿಸಿದ್ದೆವೋ, ಆ ಸಿಮೋನನನ್ನು ಶುಭಸಂದೇಶ ಅನಾಮಿಕನಾಗಿ ಬಿಡಲಿಲ್ಲ. ಅಜ್ಜಿ ಕೇಳಿದ ಪ್ರಶ್ನೆಗೆ ಮಾರ್ಕನ ಹತ್ತಿರ ಉತ್ತರವಿತ್ತು.

ಅದೇ ವಚನದಲ್ಲಿ ಸಿಮೋನನನ್ನು ಬಲವಂತ ಮಾಡಿದರು ಎಂಬುದಕ್ಕೆ ಬಳಸಿದ ಗ್ರೀಕ್ ಕ್ರಿಯಾಪದ ಬಿಟ್ಟಿ ಹಿಡಿಯುವುದಕ್ಕೆ ಆಗಿನವರು ಬಳಸುತ್ತಿದ್ದ ಪದ. ಒಂದು ಮೈಲಿ ನಡೆ ಎಂದು ಬಲವಂತ ಮಾಡಿದರೆ ಎರಡು ಮೈಲಿ ಹೋಗು ಎಂದು ಪ್ರಭು ಹೇಳುವಲ್ಲಿಯೂ ಅದೇ ಪದ. ಬಿಟ್ಟಿ ಎಂದರೆ ಏನೆಂದು ನಮ್ಮ ಅಜ್ಜ ಅಜ್ಜಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಶಿಲುಬೆ ಸಿಮೋನನಿಗೆ ಮೊದಲು ಸಂಕೇತವಾಗಿರಲಿಲ್ಲ. ಹೊಲದಿಂದ ಬರುವಾಗ ಸಿಪಾಯಿಗಳು ಹೆಗಲಿಗೆ ಹೇರಿದ ಮರ. ತೂಕದ್ದು.

ಆರನೆಯ ಸ್ಥಳದ ವೆರೋನಿಕಳ ವಿಷಯ ಇದಕ್ಕೆ ತಿರುವುಮುರುವು. ಅವಳ ಹೆಸರು ಶುಭಸಂದೇಶದಲ್ಲಿಲ್ಲ, ಪರಂಪರೆಯಿಂದ ಬಂದದ್ದು. ನಿಜವಾದ ರೂಪ ಎಂಬ ಮಾತಿನಿಂದಲೇ ಆ ಹೆಸರು ಹುಟ್ಟಿತು ಎಂದೂ ಬಹುಕಾಲದಿಂದ ಹೇಳುತ್ತಾರೆ. ಮುಖ ಒರೆಸಿದ ಹೆಂಗಸನ್ನು ಹೆಸರಿಲ್ಲದೆ ಬಿಡಲು ಭಕ್ತರಿಗೆ ಮನಸ್ಸಾಗಲಿಲ್ಲವೇನೋ. ಹಾಗಾದರೆ ನಮ್ಮ ಹೊರೆಯವರಿಗೂ ಒಂದು ಹೆಸರಿಡೋಣ ಎಂದು ನಮ್ಮಲ್ಲಿ ಒಬ್ಬ ಹೇಳಿದ. ಬೇಡ ಎಂದೆವು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆ ಹೆಸರು ದೇವರಿಗೆ ಗೊತ್ತು ಎಂಬುದು ನಮ್ಮ ವಿಶ್ವಾಸ. ನಮಗೆ ಗೊತ್ತಿಲ್ಲದ್ದಕ್ಕೆ ಇನ್ನೊಂದನ್ನು ಇಟ್ಟು ಮುಚ್ಚುವುದು ಯಾಕೆ?

ಅಜ್ಜಿ ಹೇಳಿದ್ದರಲ್ಲೂ ಊಹೆ ಇರಲಿಲ್ಲವೇ ಎಂದು ನೀವು ಕೇಳಬಹುದು. ನಾವೂ ಕೇಳಿಕೊಂಡೆವು. ಅವರು ತಮ್ಮ ಅಪ್ಪನನ್ನು ಆ ಚಿತ್ರದಲ್ಲಿ ಕಂಡರು. ಆ ಮನುಷ್ಯರಿಗೆ ಮಕ್ಕಳೇ ಇರಲಿಲ್ಲವೋ ಏನೋ. ಆದರೆ ತಮ್ಮದು ಊಹೆ ಎಂದು ಅಜ್ಜಿಗೆ ಗೊತ್ತಿತ್ತು. ಅದಕ್ಕೇ ಅವರು ಮೊದಲು ಯಾರು ಎಂದು ಕೇಳಿದರು. ನಮ್ಮದು ಊಹೆ ಎಂದು ನಮಗೆ ಗೊತ್ತಿರಲಿಲ್ಲ, ಮೂರು ಭಾಷೆಯಲ್ಲಿ ಅಚ್ಚು ಹಾಕಿಸಿದ್ದೆವು.

"ಕೂಲಿಯವನು" ಎಂಬ ಮಾತಿನ ಬಗ್ಗೆ ಹೆಚ್ಚು ವಾದವಾಗಲಿಲ್ಲ. ಕಲೆಕ್ಟರ್ ಸಲಿವನ್ನರು "ಬಂದರು", ಹೊರೆ ಹೊತ್ತವನು "ನಿಂತಿದ್ದಾನೆ". ನಮ್ಮ ಕೈ ತಾನಾಗಿಯೇ ಹಾಗೆ ಬರೆದಿತ್ತು. ಈ ಲೇಖನದಲ್ಲೂ ಪ್ಯಾರಿಸಿನ ಪಾಲಿಶ್ ಹಾಕುವವನ ಬಗ್ಗೆ ಬರೆಯುವಾಗ ಅದೇ ಆಗಿದೆ, ಹಿಂದಕ್ಕೆ ತಿರುಗಿ ನೋಡಿ; ತಿದ್ದಬೇಕೆಂದುಕೊಂಡು ಬೇಕೆಂದೇ ಬಿಟ್ಟಿದ್ದೇವೆ. ದೇವರನ್ನೂ ನಾವು ನೀನು ಎನ್ನುತ್ತೇವಲ್ಲ ಎಂದು ಒಬ್ಬ ವಾದಿಸಿದ. ಮರುದಿನ ಅದನ್ನು ಅಜ್ಜಿಯ ಮುಂದಿಟ್ಟೆವು. "ಅದು ಸಲಿಗೆ ಮಗ. ಇದು ಸಲಿಗೆಯಾ?" ಎಂದರು.

ಚಿತ್ರವನ್ನು ತೆಗೆದುಬಿಡಬೇಕು ಎಂದು ಮೂವರು, ಇರಲಿ ಎಂದು ನಾಲ್ವರು. ಗುರುಗಳನ್ನು ಕೇಳಿದರೆ, ನೀವೇ ತೀರ್ಮಾನಿಸಿ, ಆದರೆ ಶುಕ್ರವಾರಕ್ಕೆ ಮುಂಚೆ ತೀರ್ಮಾನಿಸಿ ಎಂದು ಎದ್ದುಹೋದರು. ಕೊನೆಗೆ ಬರಹದ ಮೇಲೆ ಮಾತ್ರ ಕಾಗದ ಅಂಟಿಸಿದೆವು. ಕಾಗದದ ಮೇಲೆ ಏನೂ ಬರೆಯಲಿಲ್ಲ. ಈಸ್ಟರ್ ಆದ ಮೇಲೆ ಹೊಸದಾಗಿ ಬರೆದು ಅಂಟಿಸಿದ್ದು ಇಷ್ಟು: ಊಟಿಯ ಬಜಾರ್ ಬೀದಿ. ಒಬ್ಬರು ಹೊರೆ ಹೊತ್ತು ನಿಂತಿದ್ದಾರೆ. ಅವರ ಪಕ್ಕದಲ್ಲಿ ಇನ್ನೊಬ್ಬರಿದ್ದರು. ತಮಿಳಿಗೂ ಮಲಯಾಳಕ್ಕೂ ಇದನ್ನೇ ಮಾಡಿಸಿದೆವು. ಆ ಎರಡರಲ್ಲೂ ಗೌರವದ ಬಹುವಚನ ಇರುವುದರಿಂದ ತೊಂದರೆಯಾಗಲಿಲ್ಲ. ಶಿಲುಬೆಹಾದಿಯ ಐದನೆಯ ಸ್ಥಳದಲ್ಲಿ ಇದು ಸಾಕೇ ಎಂಬ ಬಗ್ಗೆ ವಿರೋಧಿಸಿದವನಿಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ವರ್ಷ ಫಲಕ ಮಾಡುವ ಜವಾಬ್ದಾರಿ ಅವನದೇ, ನೋಡೋಣ.

ಈಗ ನಮ್ಮದೊಂದು ಕೋರಿಕೆ. ನಿಮ್ಮ ಮನೆಗಳಲ್ಲಿ ಮದುವೆಯದೋ, ಹೊಸ ನನ್ಮೆಯದೋ, ತೋಟದ ಕೆಲಸದ್ದೋ ಹಳೆಯ ಫೋಟೋಗಳಿದ್ದರೆ, ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ಹೆಸರು ಬರೆದಿಡಿ. ಹಿಂಬದಿಯಲ್ಲಿ, ಅಂಚಿನ ಹತ್ತಿರ, ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನಿಂದ ಬರೆದರೆ ಗೆರೆ ಮುಂದಕ್ಕೆ ಒತ್ತಿ ಬರುತ್ತದೆ, ಸ್ಕೆಚ್ ಪೆನ್ನಿನ ಶಾಯಿ ವರ್ಷಗಳಲ್ಲಿ ಮುಖದ ಮೇಲೆ ಹರಡುತ್ತದೆ. ಪ್ಲಾಸ್ಟಿಕ್ ಅಂಟಿನ ಆಲ್ಬಂನಿಂದ ಬಲವಂತವಾಗಿ ಕಿತ್ತು ತೆಗೆಯಬೇಡಿ. ಹಾಗೆಯೇ ತನ್ನಿ, ನಾವು ಮೊಬೈಲಿನಲ್ಲಿ ಪ್ರತಿ ತೆಗೆದು ಅಲ್ಲೇ ಹಿಂದಿರುಗಿಸುತ್ತೇವೆ. ಪ್ರತಿ ಭಾನುವಾರ ಎರಡನೆಯ ಪೂಜೆಯ ನಂತರ ಉಪದೇಶದ ಕೋಣೆ ತೆರೆದಿರುತ್ತದೆ. ಮೊದಲ ಭಾನುವಾರ ಬಂದವರು ಅಜ್ಜಿಯೇ. ಅವರ ಅಪ್ಪನ ಫೋಟೋ ಇಲ್ಲವಂತೆ, ಯಾರೂ ತೆಗೆದಿರಲಿಲ್ಲವಂತೆ. ಹೆಸರು ಮಾತ್ರ ಬರೆಸಿ ಹೋದರು.